ತಲೆ ಹುಡುಗನದು, ತಲೆನೋವು ಕ್ಷೌರಿಕನದು

ಕಟಿಂಗ್ ಅಂಗಡಿಯ ಕುರ್ಚಿ ಏರುವಾಗ ಹುಡುಗ ಹುಲಿ. "ಕಾಕಾ, ಹೆಬ್ಬುಲಿ ಹೊಡೀರಿ" ಅಂತ ಆರ್ಡರ್! ಕನ್ನಡಿಯಲ್ಲಿ ಹಿಂದೆ ಮುಂದೆ ನೋಡಿಕೊಂಡು ಬೀದಿಗಿಳಿದರೆ ಸಾಕ್ಷಾತ್ ಸುದೀಪ್. ಮನೆ ಬಾಗಿಲಲ್ಲಿ ಅಪ್ಪ "ಏನಲೇ ಇದು, ಮಂಗ್ಯಾ?" ಅಂದಾಗ ಹುಲಿ ಅರ್ಧ ಇಲಿ. ಮರುದಿನ ಶಾಲೆಯ ಪ್ರಾರ್ಥನೆಯಲ್ಲಿ ಪೂರ್ತಿ ಇಲಿ.

2017ರ 'ಹೆಬ್ಬುಲಿ' ಚಿತ್ರ ಥೇಟರ್ ಬಿಟ್ಟರೂ ಆ ಕಟಿಂಗ್ ಊರು ಬಿಡಲಿಲ್ಲ. ಪಕ್ಕ ಬೋಳು, ನೆತ್ತಿಯ ಮೇಲೆ ದಟ್ಟ ಕೂದಲು. 2023ರಲ್ಲಿ ಬಾಗಲಕೋಟೆ ಜಿಲ್ಲೆಯ ಸರಕಾರಿ ಪ್ರೌಢಶಾಲೆಯೊಂದರ ಮುಖ್ಯೋಪಾಧ್ಯಾಯರು, ಮಕ್ಕಳಿಗೆ ಇಂಥ ಕಟಿಂಗ್ ಮಾಡಬೇಡಿ ಎಂದು ಕ್ಷೌರಿಕರಿಗೇ ಪತ್ರ ಬರೆದರು. ಬೆತ್ತ ಹಿಡಿಯದೆ ಪೆನ್ನು ಹಿಡಿದರಲ್ಲ, ಮೆಚ್ಚಬೇಕು. ಆದರೆ ಕ್ಷೌರಿಕ ಪಾಪ ಏನು ಮಾಡಬೇಕು? ಒಲ್ಲೆ ಅಂದರೆ ಗಿರಾಕಿ ಎದುರಿನ ಅಂಗಡಿಗೆ ಹೋಗ್ತಾನೆ. ಮಾಡಿದರೆ ಅಪ್ಪ ಬಂದು ಜಗಳ ತೆಗೀತಾನೆ. ಹೊಟ್ಟೆಪಾಡಿನ ಮನುಷ್ಯನಿಗೆ ಶಿಸ್ತಿನ ಇನ್‌ಸ್ಪೆಕ್ಟರ್ ಕೆಲಸ ಯಾಕೆ? ಅಪ್ಪನೇ ಜೊತೆಗೆ ಬಂದು ಬೆಂಚಿನ ಮೇಲೆ ಕೂತರೆ ಅರ್ಧ ತಕರಾರು ಅಲ್ಲೇ ಮುಗಿಯಿತು.

ಇನ್ನು ಕೆಲವು ಮೇಷ್ಟರಿದ್ದಾರೆ. ತರಗತಿಯಲ್ಲೇ ಎಲ್ಲರ ಕಣ್ಣೆದುರು ಕತ್ತರಿ ಆಡಿಸಿ, ಕೂದಲು ಅಡ್ಡಾದಿಡ್ಡಿ ಮಾಡಿ ಕಳಿಸುತ್ತಾರೆ. ಇದು ಶಿಸ್ತಲ್ಲ. 2009ರ ಶಿಕ್ಷಣ ಹಕ್ಕು ಕಾಯಿದೆಯ 17ನೇ ಕಲಂ ಮಕ್ಕಳಿಗೆ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಕೂದಲು ತಿಂಗಳಿಗೆ ಬೆಳೆಯುವುದು ಸುಮಾರು ಒಂದು ಸೆಂಟಿಮೀಟರ್. ಅಲ್ಲಿತನಕ ಹುಡುಗ ಬಸ್ಸಿನಲ್ಲಿ ತಲೆಗೆ ಟವೆಲ್ ಸುತ್ತಿಕೊಂಡು ಕೂರಬೇಕೇ? ತಪ್ಪಾಗಿದ್ದರೆ ಚೀಟಿ ಬರೆದು ಸಲೂನಿಗೆ ಕಳಿಸಲಿ. ಸಮ ಮಾಡಲು ಮಿಷನ್ ಹಿಡಿದವನಿಗೆ ಐದು ನಿಮಿಷ ಸಾಕು.