ಬಡವರಿಗೆ ಮೀಸಲಾತಿ, ಎಲ್ಲ ಬಡವರಿಗಲ್ಲ

ಬಡತನಕ್ಕೆ ಜಾತಿಯಿಲ್ಲ ಎನ್ನುತ್ತಲೇ ಜಾತಿ ನೋಡಿ ಬಡವರನ್ನು ಹೊರಗಿಟ್ಟ ಕಾನೂನು ನಮ್ಮದು. 2019ರ ಜನವರಿಯಲ್ಲಿ ಸಂಸತ್ತು ಎರಡೇ ದಿನದಲ್ಲಿ ಅಂಗೀಕರಿಸಿದ ಸಂವಿಧಾನದ 103ನೇ ತಿದ್ದುಪಡಿ, ಆರ್ಥಿಕವಾಗಿ ದುರ್ಬಲರಾದವರಿಗೆ ಶೇ 10ರಷ್ಟು ಮೀಸಲಾತಿಗೆ ದಾರಿ ಮಾಡಿತು. ಆದರೆ ಪರಿಶಿಷ್ಟ ಜಾತಿ, ಪಂಗಡ ಮತ್ತು ಹಿಂದುಳಿದ ವರ್ಗಗಳ ಬಡವರಿಗೆ ಅದರಲ್ಲಿ ಪಾಲಿಲ್ಲ. 2022ರ ನವೆಂಬರ್ 7ರಂದು ಸುಪ್ರೀಂ ಕೋರ್ಟ್ ಇದನ್ನು 3–2 ಬಹುಮತದಿಂದ ಎತ್ತಿಹಿಡಿಯಿತು. ಆ ಬಹುಮತ ಎಡವಿದೆ.

ಅಮೆರಿಕದ ತತ್ವಜ್ಞಾನಿ ಜಾನ್ ರಾಲ್ಸ್ 1971ರಲ್ಲಿ ‘ಎ ಥಿಯರಿ ಆಫ್ ಜಸ್ಟಿಸ್’ ಕೃತಿಯಲ್ಲಿ ಒಂದು ಪರೀಕ್ಷೆ ಒಡ್ಡಿದರು: ಯಾರ ಮನೆಯಲ್ಲಿ ಹುಟ್ಟುತ್ತೇವೆಂದು ಗೊತ್ತಿಲ್ಲದವರು ಸಮಾಜದ ನಿಯಮ ಬರೆಯಲಿ. ರಾಲ್ಸ್ ನಮ್ಮ ಜಾತಿಪದ್ಧತಿಗೆಂದು ಬರೆದವರಲ್ಲ, ನಿಜ. ಆದರೂ ಪರೀಕ್ಷೆ ಇಲ್ಲಿ ಚುರುಕಾಗಿ ತಾಗುತ್ತದೆ. ತುಂಡು ಭೂಮಿಯೂ ಇಲ್ಲದ ಆದಿವಾಸಿ ಕೂಲಿಯ ಮಗಳಿಗೆ ಈ ಬಾಗಿಲು ಮುಚ್ಚಿದೆ. ವರ್ಷಕ್ಕೆ ಏಳೂಮುಕ್ಕಾಲು ಲಕ್ಷ ಆದಾಯವಿರುವ ‘ಸಾಮಾನ್ಯ ವರ್ಗ’ದ ಮನೆಯ ಮಗನಿಗೆ, ಆಸ್ತಿ ಮಿತಿ ಮೀರದಿದ್ದರೆ, ತೆರೆದಿದೆ. ಮಿತಿ ಎಂಟು ಲಕ್ಷ! ತಿಂಗಳಿಗೆ ಅರುವತ್ತು ಸಾವಿರ ದಾಟಿದ ಕುಟುಂಬವೂ ಬಡ ಕುಟುಂಬ. ತಾನು ಆ ಕೂಲಿಯ ಮಗಳಾಗಿಯೂ ಹುಟ್ಟಬಹುದೆಂದು ತಿಳಿದವರು ಯಾರು ಇದಕ್ಕೆ ಸಹಿ ಹಾಕುತ್ತಾರೆ?

ಮೈಸೂರಿನಲ್ಲಿ ಹುಟ್ಟಿದ ನ್ಯಾಯಮೂರ್ತಿ ರವೀಂದ್ರ ಭಟ್ ಭಿನ್ನ ತೀರ್ಪಿನಲ್ಲಿ, ಆರ್ಥಿಕವಾಗಿ ಹಿಂದುಳಿದವರ ಕುರಿತ ಸಿನ್ಹೊ ಆಯೋಗದ 2010ರ ವರದಿಯ ಅಂಕಿಅಂಶ ಎತ್ತಿದರು. ಬಡತನ ರೇಖೆಯ ಕೆಳಗಿದ್ದವರು ಪರಿಶಿಷ್ಟ ಪಂಗಡದಲ್ಲಿ ಶೇ 48, ಪರಿಶಿಷ್ಟ ಜಾತಿಯಲ್ಲಿ ಶೇ 38, ಸಾಮಾನ್ಯ ವರ್ಗದಲ್ಲಿ ಶೇ 18. ಶಿಕ್ಷಣದ ಮಟ್ಟಿಗೆ ಆರ್ಥಿಕ ಮಾನದಂಡಕ್ಕೆ ಭಟ್ ಅವರ ತಕರಾರಿರಲಿಲ್ಲ. ಹೆಚ್ಚು ಬಡವರಿರುವ ಸಮುದಾಯಗಳನ್ನೇ ಹೊರಗಿಟ್ಟದ್ದಕ್ಕೆ ಇತ್ತು. ಆಗಿನ ಮುಖ್ಯ ನ್ಯಾಯಮೂರ್ತಿ ಯು.ಯು. ಲಲಿತ್ ಕೂಡ ಭಟ್ ಅವರೊಂದಿಗೆ ನಿಂತರು.

‘ಅವರಿಗೆ ಆಗಲೇ ಕೋಟಾ ಇದೆಯಲ್ಲ’ ಎಂಬುದು ಸಿದ್ಧ ಉತ್ತರ. ಆ ಕೋಟಾ ಇರುವುದು ಅಸ್ಪೃಶ್ಯತೆಗೆ, ತಲೆಮಾರುಗಳ ಹೊರಗಿಡುವಿಕೆಗೆ. ಹಸಿವಿಗೆ ಪರಿಹಾರವೆಂದು ಇನ್ನೊಂದನ್ನು ತಂದ ಮೇಲೆ ಹಸಿದವರೆಲ್ಲರಿಗೂ ಅದು ಸಲ್ಲಬೇಕು. ಮುಜರಾಯಿ ದೇಗುಲಕ್ಕೆ ಸರ್ಕಾರ ಕೊಡುವ ತಸ್ತೀಕ್ ಹಣ ನಂಬಿ ಬದುಕುವ ಅರ್ಚಕರ ಮಗನಿಗೆ ನೆರವು ಬೇಡವೆಂದು ನಾನು ಹೇಳುತ್ತಿಲ್ಲ. ಅವನಿಗೂ ಈ ಎಂಟು ಲಕ್ಷದ ಮಿತಿ ಮೋಸವೇ: ಅವನ ಸೀಟಿಗೆ ಪೈಪೋಟಿಗಿಳಿಯುವುದು ಕೋಚಿಂಗ್‌ಗೆ ದುಡ್ಡು ಸುರಿಯಬಲ್ಲ ಮನೆಯ ಹುಡುಗ.

2023ರ ಮೇನಲ್ಲಿ ಮರುಪರಿಶೀಲನಾ ಅರ್ಜಿಗಳೂ ವಜಾ ಆದವು. ಇನ್ನು ತಿದ್ದಬೇಕಾದದ್ದು ಸಂಸತ್ತು. 15(6) ಮತ್ತು 16(6)ನೇ ವಿಧಿಗಳಿಂದ ಆ ಹೊರಗಿಡುವ ಮಾತನ್ನು ತೆಗೆಯಲಿ, ಆದಾಯ ಮಿತಿಯನ್ನು ಇಳಿಸಲಿ. ಮುಂದಿನ ಸಲ ಮತ ಕೇಳಲು ಬರುವ ಅಭ್ಯರ್ಥಿಯನ್ನು ಈ ಎರಡು ವಿಷಯ ಕೇಳಿ.