ಗಾಯಕಿಯ ನಿವೇದನೆ, ಕೇಳುಗರ ಹೊಣೆ

ತನ್ನ ಸ್ವಂತ ದುಃಖವನ್ನೇ ಹಾಡಾಗಿಸಿ ಲೋಕದ ಮುಂದಿಡುವ ಕಲಾವಿದರ ಬಗ್ಗೆ ಧರ್ಮನಿಷ್ಠರಲ್ಲಿ ಒಂದು ಬಗೆಯ ಅನುಮಾನವಿದೆ. ಅದು ಆತ್ಮಪ್ರದರ್ಶನವಲ್ಲವೇ ಎಂದು ಅವರು ಕೇಳುತ್ತಾರೆ. ಪ್ರಶ್ನೆ ಅಸಂಗತವಲ್ಲ. ಆದರೆ ಅಮೆರಿಕದ ಗಾಯಕಿ ಜೂಡೀ ಸಿಲ್ ಅವರ ಪ್ರಥಮ ಧ್ವನಿಮುದ್ರಿಕೆಯನ್ನು ಕೇಳಿದಾಗಲೆಲ್ಲ ಆ ಪ್ರಶ್ನೆ ನಮ್ಮತ್ತಲೇ ತಿರುಗುತ್ತದೆ.

1944ರಲ್ಲಿ ಜನಿಸಿದ ಆಕೆ ಬಾಲ್ಯದಲ್ಲೇ ತಂದೆಯನ್ನು ಕಳೆದುಕೊಂಡರು. ಹದಿಹರೆಯದಲ್ಲಿ ದರೋಡೆಗಿಳಿದು ಸುಧಾರಣಾ ಶಾಲೆ ಸೇರಿದರು. ಅಲ್ಲಿಯೇ ಆರ್ಗನ್ ನುಡಿಸುತ್ತಾ ಭಕ್ತಿಗೀತೆಗಳ ಜಾಡನ್ನು ಕಲಿತರು. ಮುಂದೆ ಹೆರಾಯಿನ್ ವ್ಯಸನ, ಸೆರೆವಾಸ. ಅಲ್ಲಿಂದ ಹೊರಬಂದು, ಬಾಖ್‌ನ ಸಂಗೀತವನ್ನು ಆದರ್ಶವಾಗಿಸಿಕೊಂಡು ರಚಿಸಿದ ಹಾಡುಗಳೇ 1971ರಲ್ಲಿ ಅವರದೇ ಹೆಸರಿನ ಆಲ್ಬಮ್ ಆಗಿ ಪ್ರಕಟವಾದವು. ಅಸೈಲಮ್ ಸಂಸ್ಥೆ ಹೊರತಂದ ಮೊತ್ತಮೊದಲ ಆಲ್ಬಮ್ ಅದು.

ಅದರಲ್ಲಿನ ಪ್ರಸಿದ್ಧ ಗೀತೆ 'ಜೀಸಸ್ ವಾಸ್ ಎ ಕ್ರಾಸ್ ಮೇಕರ್'. ಪ್ರಿಯಕರನಿಂದ ಪರಿತ್ಯಕ್ತರಾಗಿದ್ದ ದಿನಗಳಲ್ಲಿ ಆಕೆ ಕಜಾಂಟ್ಜಾಕಿಸ್ ಅವರ 'ದಿ ಲಾಸ್ಟ್ ಟೆಂಪ್ಟೇಶನ್' ಕಾದಂಬರಿಯನ್ನು ಓದಿದರು. ಬಡಗಿಯಾದ ಯೇಸು ರೋಮನರಿಗೆ ಶಿಲುಬೆಗಳನ್ನು ಮಾಡಿಕೊಡುತ್ತಿದ್ದನೆಂಬ ಕಲ್ಪನೆ ಆ ಕೃತಿಯದು. ಧರ್ಮಸಭೆಯು 1954ರಲ್ಲಿ ಅದನ್ನು ನಿಷಿದ್ಧ ಗ್ರಂಥಗಳ ಪಟ್ಟಿಗೆ ಸೇರಿಸಿತ್ತು. ಆ ಕಲ್ಪನೆ ಶುಭಸಂದೇಶದ ಮಾತಲ್ಲ. ಅದನ್ನು ನಾವು ಒಪ್ಪಬೇಕಾಗಿಯೂ ಇಲ್ಲ. ಆದರೆ ಆಕೆ ಅದರಿಂದ ಪಡೆದದ್ದು ಏನು? ತನ್ನನ್ನು ನೋಯಿಸಿದವನೂ ಉದ್ಧಾರಕ್ಕೆ ಹೊರತಲ್ಲವೆಂಬ ಅರಿವು. ದ್ವೇಷವು ಕ್ಷಮೆಯತ್ತ ಹೊರಳಿದ ಆ ಕ್ಷಣವನ್ನು ಧರ್ಮನಿಂದೆಯೆಂದು ತಳ್ಳಿಹಾಕುವುದು ನಮ್ಮಿಂದಾಗದು.

ವೈಯಕ್ತಿಕವಾದದ್ದೆಲ್ಲ ಅಹಂಕಾರವಲ್ಲ. ಸಂತ ಅಗಸ್ಟೀನರ 'ನಿವೇದನೆಗಳು' ಗ್ರಂಥಕ್ಕಿಂತ ವೈಯಕ್ತಿಕವಾದ ಕೃತಿ ಯಾವುದಿದೆ? ಅಲ್ಲಿ 'ನಾನು' ಎಂಬ ಪದ ಹೆಜ್ಜೆಹೆಜ್ಜೆಗೂ ಬರುತ್ತದೆ. ಆದರೆ ಅದು ದೇವರೆಂಬ 'ನೀನು' ಇದಕ್ಕೆ ಅಭಿಮುಖವಾಗಿದೆ. ತನ್ನನ್ನೇ ನೋಡಿಕೊಳ್ಳುವ 'ನಾನು' ಕನ್ನಡಿಯಾದರೆ, ಮತ್ತೊಬ್ಬರನ್ನು ಕರೆಯುವ 'ನಾನು' ಪ್ರಾರ್ಥನೆ. ಸಿಲ್ ಅವರ ಆಲ್ಬಮಿನ ಮೊದಲ ಹಾಡಿನಲ್ಲೇ ದೇವರ ನಿರೀಕ್ಷೆಯಿದೆ. ಆ ಧ್ವನಿ ಎರಡನೆಯ ಬಗೆಯದು.

ಹಾಗಿದ್ದರೂ ಕಥೆ ಸುಖಾಂತವಲ್ಲ. ಆಲ್ಬಮ್ ಹೆಚ್ಚು ಮಾರಾಟವಾಗಲಿಲ್ಲ. 1973ರ ಎರಡನೆಯದೂ ಅಷ್ಟೆ. ನೋವು, ವ್ಯಸನಗಳು ಮರಳಿದವು. 1979ರ ನವೆಂಬರಿನಲ್ಲಿ, ತಮ್ಮ 35ನೆಯ ವಯಸ್ಸಿನಲ್ಲಿ, ಮಾದಕದ್ರವ್ಯದಿಂದ ಆಕೆ ಮೃತರಾದಾಗ ಲೋಕ ಅವರನ್ನು ಬಹುಮಟ್ಟಿಗೆ ಮರೆತಿತ್ತು. ಇತ್ತೀಚಿನ ವರ್ಷಗಳಲ್ಲಿ ಅವರ ಹಾಡುಗಳಿಗೆ ಹೊಸ ಕೇಳುಗರು ದೊರೆತಿದ್ದಾರೆ. ಆದರೆ ಸತ್ತವರಿಗೆ ಆ ಮೆಚ್ಚುಗೆ ಕೇಳಿಸದು.

ಇಲ್ಲಿಯೇ ನಮ್ಮ ಪಾಠವಿದೆ. ಪಾಪನಿವೇದನೆಯ ಪೀಠದಲ್ಲಿ ಹೇಳುವವರಷ್ಟೇ ಇರುವುದಿಲ್ಲ, ಕೇಳಿ ಉತ್ತರಿಸುವವರೂ ಇರುತ್ತಾರೆ. ಹಾಡಿಗೆ ಆ ಭರವಸೆಯಿಲ್ಲ. ಅದು ಗಾಯವನ್ನು ತೋರಿಸಬಲ್ಲದು, ಕಟ್ಟಲಾರದು. ನಮ್ಮ ಧರ್ಮಕೇಂದ್ರಗಳ ಯುವಜನರಲ್ಲಿ ಯಾರಾದರೂ ಗಿಟಾರ್ ಹಿಡಿದು ತಮ್ಮ ಅಂತರಂಗವನ್ನು ತೋಡಿಕೊಂಡಾಗ, ರಾಗ ಸರಿಯಿದೆಯೇ, ಮಾತು ಭಕ್ತಿಪೂರ್ಣವಾಗಿದೆಯೇ ಎಂದಷ್ಟೇ ತೂಗಿ ನೋಡದಿರೋಣ. ಹಾಡು ಮುಗಿದ ಮೇಲೆ ಅವರ ಪಕ್ಕದಲ್ಲಿ ತುಸು ಹೊತ್ತು ಕುಳಿತು, ಹೇಗಿದ್ದೀರಿ ಎಂದು ಕೇಳೋಣ.