ತೊಟ್ಟಿಯ ಲೆಕ್ಕ

ಏಳನೆಯ ತರಗತಿಯಲ್ಲಿ ನನ್ನಿಂದ ಗಣಿತ ಕಲಿತವರಿಗೆ ತೊಟ್ಟಿಯ ಲೆಕ್ಕ ನೆನಪಿರಬೇಕು. ಒಂದು ನಲ್ಲಿ ತುಂಬಿಸುತ್ತದೆ, ಇನ್ನೊಂದು ಬರಿದುಮಾಡುತ್ತದೆ. "ಇಂಥ ತೊಟ್ಟಿ ಯಾರ ಮನೆಯಲ್ಲಿದೆ ಸಾರ್?" ಎಂದು ಕೇಳಿ ಕಿವಿ ಹಿಂಡಿಸಿಕೊಂಡವರೂ ಇದ್ದಾರೆ. ಅವರ ಕ್ಷಮೆ ಕೇಳುತ್ತಾ ಇಂದು ಉತ್ತರ ಬರೆಯುತ್ತಿದ್ದೇನೆ.

ನನ್ನ ಭಾವಮೈದುನ ನ್ಯುಮೋನಿಯಾ ಉಲ್ಬಣಿಸಿ ತೀವ್ರ ನಿಗಾ ಘಟಕದಲ್ಲಿದ್ದಾಗ, ಹೊರಗೆ ಕುಳಿತ ನಮ್ಮೆಲ್ಲರದು ಒಂದೇ ಹಟ: "ಇನ್ನೂ ಸ್ಟ್ರಾಂಗ್ ಆಂಟಿಬಯಾಟಿಕ್ ಕೊಡಿ ಡಾಕ್ಟರೇ." ಯಾವ ಔಷಧ ಎಂದು ಕೇಳಿದೆವೇ ಹೊರತು ಎಷ್ಟು, ಹೇಗೆ ಎಂದು ಕೇಳಲಿಲ್ಲ. ಅವನು ಉಳಿಯಲಿಲ್ಲ. ಯಾರನ್ನೂ ದೂರಲಾರೆ. ಆದರೆ ಆ ಕೇಳದ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ.

ಪ್ರಶ್ನೆ ಹೊಸದಲ್ಲ. 1941ರಲ್ಲಿ ಆಕ್ಸ್‌ಫರ್ಡಿನಲ್ಲಿ ಆಲ್ಬರ್ಟ್ ಅಲೆಕ್ಸಾಂಡರ್ ಎಂಬ ಪೊಲೀಸ್ ಪೇದೆಗೆ ಪೆನಿಸಿಲಿನ್ ಕೊಟ್ಟಾಗ, ಅದು ಎಷ್ಟು ಬೇಗ ಮೂತ್ರದಲ್ಲಿ ಹೊರಬೀಳುತ್ತಿತ್ತೆಂದರೆ, ಆ ಮೂತ್ರದಿಂದಲೇ ಔಷಧವನ್ನು ಮರಳಿ ಬೇರ್ಪಡಿಸಿ ಚುಚ್ಚಿದರು. ಚೇತರಿಸಿಕೊಳ್ಳುತ್ತಿದ್ದಾತ, ಔಷಧ ತೀರಿದ್ದರಿಂದ ಅಸುನೀಗಿದ.

ಪೆನಿಸಿಲಿನ್ ಬಳಗದ ಔಷಧಗಳು ಒಮ್ಮೆಗೆ ಉಕ್ಕಿ ಹರಿದರೆ ಸಾಲದು. ರಕ್ತದಲ್ಲಿ ನಿರ್ದಿಷ್ಟ ಮಟ್ಟಕ್ಕಿಂತ ಮೇಲೆ ಬಹುಹೊತ್ತು ನಿಲ್ಲಬೇಕು. ತೀವ್ರ ಸೋಂಕಿನಲ್ಲಿ ಕೆಲವರ ಮೂತ್ರಪಿಂಡ ಸೋಲುತ್ತದೆ, ಕೆಲವರದು ಎಂದಿಗಿಂತ ವೇಗವಾಗಿ ಔಷಧವನ್ನು ಹೊರಹಾಕುತ್ತದೆ. ಎಲ್ಲರಿಗೂ ಎಂಟು ಗಂಟೆಗೊಮ್ಮೆ ಒಂದೇ ಅಳತೆ ಎಂದರೆ, ಕೆಳಗಿನ ನಲ್ಲಿಯನ್ನು ನೋಡದೆ ಲೆಕ್ಕ ಬಿಡಿಸಿದಂತೆ.

2024ರಲ್ಲಿ ಪ್ರಕಟವಾದ ಬ್ಲಿಂಗ್-3 ಪ್ರಯೋಗದಲ್ಲಿ ಏಳು ದೇಶಗಳ ಸುಮಾರು 7,000 ರೋಗಿಗಳಿದ್ದರು, ಭಾರತವಿರಲಿಲ್ಲ. ದಿನದ ಪ್ರಮಾಣ ಒಂದೇ; ಕೆಲವರಿಗೆ ಬಿಡಿಬಿಡಿಯಾಗಿ, ಕೆಲವರಿಗೆ ಇಪ್ಪತ್ತನಾಲ್ಕು ಗಂಟೆಯೂ ಹನಿಹನಿಯಾಗಿ. 90 ದಿನಗಳಲ್ಲಿ ತೀರಿಕೊಂಡವರು ಕ್ರಮವಾಗಿ ಶೇ. 26.8 ಮತ್ತು ಶೇ. 24.9. ಈ ಅಂತರವೊಂದೇ ಖಚಿತ ಪುರಾವೆಯಾಗಲಿಲ್ಲ ನಿಜ. ಆದರೆ ಅದೇ ವರ್ಷ 18 ಪ್ರಯೋಗಗಳನ್ನು ಕೂಡಿಸಿ ನೋಡಿದಾಗ, ದೀರ್ಘವಾಗಿ ಹನಿಸುವುದರ ಲಾಭ ಸ್ಪಷ್ಟವಾಯಿತು.

ಇದಕ್ಕೆ ಹೊಸ ಔಷಧ ಬೇಡ. ಪಂಪು ಮತ್ತು ಗಮನವಿಡುವ ದಾದಿ ಬೇಕು. ಮೆರೊಪೆನೆಮ್ ಕರಗಿಸಿಟ್ಟರೆ ಸೆಕೆಗೆ ಬೇಗ ಕೆಡುತ್ತದೆಯಾದ್ದರಿಂದ ಆಗಾಗ ಬದಲಿಸಬೇಕು. ಅತಿಯಾದರೆ ಮಿದುಳಿಗೆ ಅಪಾಯ, ಆದ್ದರಿಂದ ಸಾಧ್ಯವಿದ್ದಲ್ಲಿ ರಕ್ತದಲ್ಲಿನ ಮಟ್ಟವನ್ನೂ ಅಳೆಯಬೇಕು. ದುಬಾರಿ ಔಷಧಕ್ಕೆ ಸಾಲ ಮಾಡುವ ನಾವು ಈ ಅಳತೆಗೂ ಬೆಲೆ ಕೊಡಬೇಕೆಂಬುದು ನನ್ನ ಖಚಿತ ಅಭಿಪ್ರಾಯ.

ವೈದ್ಯರಾಗಿರುವ ನನ್ನ ವಿದ್ಯಾರ್ಥಿಗಳೇ, ನಿಮ್ಮ ಆಸ್ಪತ್ರೆಯಲ್ಲಿ ಹೇಗೆ ಕೊಡುತ್ತೀರಿ? ಬರೆದು ತಿಳಿಸಿ. ತಪ್ಪಿದ್ದರೆ ತಿದ್ದಿ, ಈ ಬಾರಿ ಕಿವಿ ಹಿಂಡುವುದಿಲ್ಲ.